ಅಜ್ಞಾತ ಮಹನೀಯರಿಗೆ ಧನ್ಯವಾದ

ನಮ್ಮ ಕಾಸರಗೋಡಿನಲ್ಲಿ ಧನ್ಯವಾದ ಸಮರ್ಪಣೆ ಇಲ್ಲದೆ ಸಭೆ ಮುಗಿದದ್ದನ್ನು ಕಂಡವರಿಲ್ಲ. ದೀಪ ಹಚ್ಚಿದವರಿಗೆ, ದೀಪಕ್ಕೆ ಎಣ್ಣೆ ತಂದವರಿಗೆ, ಮೈಕ್ ಸೆಟ್‌ನವರಿಗೆ, ಶಾಮಿಯಾನದವರಿಗೆ, ಅಷ್ಟು ಹೊತ್ತೂ ಕರೆಂಟು ತೆಗೆಯದ ಕೆಎಸ್‌ಇಬಿಯವರಿಗೆ, ಕಡೆಗೆ 'ಯಾರ ಹೆಸರಾದರೂ ಬಿಟ್ಟುಹೋಗಿದ್ದರೆ ಅವರಿಗೂ' ಎಂದು ಹೇಳಿ ಆಗುವಾಗ ಸಭೆಯಲ್ಲಿ ಉಳಿದಿರುವುದು ಕುರ್ಚಿ ಮಡಚುವವರು ಮಾತ್ರ. ಆ ಕಡೆಯ ವಾಕ್ಯ ಈಗ ವಿಶ್ವವಿದ್ಯಾಲಯಗಳಲ್ಲಿ ದೊಡ್ಡ ಉದ್ಯೋಗದಲ್ಲಿದೆ. ಯಾವ ಸಂಶೋಧನ ಲೇಖನವನ್ನಾದರೂ ಬುಡ ಮೇಲು ಮಾಡಿ ನೋಡಿ: 'ಅಮೂಲ್ಯ ಸಲಹೆಗಳನ್ನಿತ್ತ ಅನಾಮಿಕ ವಿಮರ್ಶಕರಿಗೆ ಲೇಖಕರು ಚಿರಋಣಿಗಳು.'

ಈ ಚಿರಋಣದ ಹುಟ್ಟು ಹೇಗೆಂದರೆ, ನೀವು ಒಂದು ಪೇಪರ್ ಬರೆದು ಜರ್ನಲ್ಲಿಗೆ ಕಳಿಸುತ್ತೀರಿ. ಸಂಪಾದಕರು ಅದನ್ನು ಇಬ್ಬರು ಮೂವರು ಬಲ್ಲವರಿಗೆ ದಾಟಿಸುತ್ತಾರೆ. ಇವರೇ ವಿಮರ್ಶಕರು. ಅವರಿಗೆ ಸಂಬಳವಿಲ್ಲ, ಹೆಸರಿಲ್ಲ, ಸಮಯವೂ ಇಲ್ಲ. ಐದಾರು ತಿಂಗಳು ಕಳೆದು ಉತ್ತರ ಬರುತ್ತದೆ. ಒಂದನೇ ವಿಮರ್ಶಕರು 'ಚೆನ್ನಾಗಿದೆ' ಎಂದಿರುತ್ತಾರೆ, ಅಂದರೆ ಓದಿಲ್ಲ. ಎರಡನೆಯವರು ಓದಿರುತ್ತಾರೆ. ಸಮಸ್ಯೆ ಅಲ್ಲಿಂದಲೇ. 'ವಾದಕ್ಕೆ ಆಧಾರ ಸಾಲದು, ಭಾಷೆ ಸಡಿಲ, ಹೊಸದು ಎನ್ನುವಂಥದ್ದು ಎಂತದೂ ಕಾಣುವುದಿಲ್ಲ.' ಲೇಖಕರು ಎರಡು ದಿನ ಅನ್ನ ಬಿಡುತ್ತಾರೆ, ಎರಡನೆಯವರ ವಂಶವನ್ನು ಏಳು ತಲೆಯ ಹಿಂದಿನವರೆಗೆ ಸ್ಮರಿಸುತ್ತಾರೆ, ಮೂರನೇ ದಿನ ಕುಳಿತು 'ಚಿರಋಣಿಗಳು' ಎಂದು ಟೈಪ್ ಮಾಡುತ್ತಾರೆ.

ಕೆಲವರು ಅಷ್ಟು ಹೊತ್ತು ಕಾಯುವುದೂ ಇಲ್ಲ. ಮೊದಲ ಸಲ ಕಳಿಸುವಾಗಲೇ, ವಿಮರ್ಶಕ ಎಂಬ ಪ್ರಾಣಿ ಇನ್ನೂ ನೇಮಕವೇ ಆಗದಿರುವಾಗಲೇ, 'ಸಲಹೆಗಳಿಂದ ಲೇಖನ ಬಹಳ ಸುಧಾರಿಸಿತು' ಎಂದು ಬರೆದಿಟ್ಟಿರುತ್ತಾರೆ. ದೇವರಿಗೆ ಮುಡಿಪು ಕಟ್ಟುವುದಕ್ಕೆ ನಮ್ಮಲ್ಲಿ ಆಕ್ಷೇಪವಿಲ್ಲ, ಆದರೆ ಪ್ರಸಾದವನ್ನೂ ಮುಂಚಿತವಾಗಿ ಹಂಚುವುದು ಹೊಸ ಪದ್ಧತಿ. ಇದರ ಕಾಟ ಲಂಡನ್ನಿನ 'ನೇಚರ್' ಪತ್ರಿಕೆಗೂ ತಟ್ಟಿರಬೇಕು. ಅನಾಮಿಕ ವಿಮರ್ಶಕರಿಗೆ ಧನ್ಯವಾದ ಹಾಕಬೇಡಿ, ಹೊಗಳಿಕೆ ಸುರಿಯಬೇಡಿ ಎಂದು ಲೇಖಕರಿಗೆ ಕೊಡುವ ಸೂಚನೆಯಲ್ಲೇ ಅದು ಬರೆದುಬಿಟ್ಟಿದೆ. ಧನ್ಯವಾದ ನಿಷೇಧಿಸಿದ ಸಂಸ್ಥೆ ಎಂದರೆ ನಮ್ಮೂರಿನಲ್ಲಿ ಯಾರೂ ನಂಬಲಿಕ್ಕಿಲ್ಲ.

ವಿಮರ್ಶಕರಿಗೆ ಸಲ್ಲಿದ ಧನ್ಯವಾದಗಳಲ್ಲಿ ನನಗೆ ಪೂರ್ತಿ ನಂಬಿಕೆ ಇರುವುದು ಒಂದರಲ್ಲಿ ಮಾತ್ರ. ಅದನ್ನು ಬರೆದವರು ಐನ್‌ಸ್ಟೈನ್. 1936ರಲ್ಲಿ ಅವರೂ ನೇಥನ್ ರೋಸೆನ್ನರೂ ಸೇರಿ, ಗುರುತ್ವ ತರಂಗಗಳೇ ಇಲ್ಲ ಎಂದು ಸಾಧಿಸುವ ಲೇಖನವನ್ನು ಅಮೆರಿಕದ 'ಫಿಸಿಕಲ್ ರಿವ್ಯೂ'ಗೆ ಕಳಿಸಿದರು. ಸಂಪಾದಕ ಜಾನ್ ಟೇಟ್ ಅದನ್ನು ಒಬ್ಬರಿಗೆ ತೋರಿಸಿದರು. ಹತ್ತು ಪುಟದ ಆಕ್ಷೇಪ ಬಂತು. ಐನ್‌ಸ್ಟೈನ್ ಕೆಂಡವಾದರು. ಅಚ್ಚು ಹಾಕಲಿಕ್ಕೆ ಕೊಟ್ಟದ್ದು, ಕಂಡವರಿಗೆ ತೋರಿಸಲಿಕ್ಕಲ್ಲ ಎಂಬ ಧಾಟಿಯಲ್ಲಿ ಕಾಗದ ಬರೆದು ಲೇಖನ ವಾಪಸು ತೆಗೆದುಕೊಂಡರು. ಮರುವರ್ಷ ಅದು ಬೇರೆ ಪತ್ರಿಕೆಯಲ್ಲಿ ಬಂದಾಗ ತೀರ್ಮಾನ ತಲೆಕೆಳಗಾಗಿತ್ತು, ತರಂಗಗಳು ಉಂಟು ಎಂದಾಗಿತ್ತು. ಜೊತೆಗೆ, ತಪ್ಪನ್ನು ಬಿಡಿಸಿ ತೋರಿಸಿದ ಸಹೋದ್ಯೋಗಿ ರಾಬರ್ಟ್‌ಸನ್ನರಿಗೆ ಕೃತಜ್ಞತೆ. ಆ ಹತ್ತು ಪುಟ ಬರೆದ ಅನಾಮಿಕರೂ ಇದೇ ರಾಬರ್ಟ್‌ಸನ್ ಎಂದು ಪತ್ರಿಕೆಯ ಹಳೆಯ ದಾಖಲೆ ಪುಸ್ತಕ ನೋಡಿ ಖಚಿತವಾದದ್ದು 2005ರಲ್ಲಿ. ಕಾಗದದಲ್ಲಿ ಬಂದಾಗ ಸಿಟ್ಟು ತರಿಸಿದ ತಿದ್ದುಪಡಿ ಪ್ರಿನ್ಸ್‌ಟನ್ನಿನಲ್ಲಿ ಮಾತಿನ ಮೂಲಕ ಬಂದಾಗ ಕೃತಜ್ಞತೆಯಾಯಿತು. 2015ರಲ್ಲಿ ಆ ತರಂಗಗಳು, ಅವನ್ನು ಹಿಡಿಯಲೆಂದೇ ಕಟ್ಟಿದ ಲೈಗೋ ಯಂತ್ರಗಳಿಗೆ ಸಿಕ್ಕಿಯೂ ಬಿದ್ದವು.

ರಾಬರ್ಟ್‌ಸನ್ನರ ಗುಟ್ಟು ಅಷ್ಟು ವರ್ಷ ಉಳಿಯಲಿಕ್ಕೆ ಕಾರಣ ಅವರು ಪ್ರಿನ್ಸ್‌ಟನ್ನಿನಲ್ಲಿದ್ದದ್ದು. ನಮ್ಮ ಪೆರ್ಲದಲ್ಲಿ ಇದ್ದಿದ್ದರೆ ಎರಡು ವಾರ. ಚಂದ್ರಗಿರಿ ಹೊಳೆಯ ಈಚೆಗೆ ಕುಂಬಳೆ ಸೀಮೆಯ ಯಕ್ಷಗಾನದ ಬಗ್ಗೆ ಕನ್ನಡದಲ್ಲಿ ಪೇಪರ್ ಬರೆಯುವವರೂ ಅದನ್ನು ತೂಗುವವರೂ ಒಂದು ಜೀಪಿನಲ್ಲಿ ಹಿಡಿಯುತ್ತಾರೆ. ಅಂಥಲ್ಲಿ ಸಂಪಾದಕರು ಬಹಳ ಗಂಭೀರವಾಗಿ ಲೇಖಕರ ಹೆಸರಿಗೆ ಕಪ್ಪು ಬಳಿದು ಕಳಿಸುತ್ತಾರೆ. ಒಳಗಡೆ 'ಬದಿಯಡ್ಕದ ನಮ್ಮ ಮನೆಯ ಅಟ್ಟದಲ್ಲಿ ದೊರೆತ ತಾಳೆಗರಿಯಂತೆ' ಎಂದು ಇರುತ್ತದೆ! ವಿಮರ್ಶಕರೂ ಅಷ್ಟೇ ನಿಗೂಢ. 'ಲೇಖಕರು ಈ ಐದು ಮಹತ್ವದ ಬರಹಗಳನ್ನು ಗಮನಿಸಿದಂತಿಲ್ಲ' ಎಂದು ಪಟ್ಟಿ ಕೊಡುತ್ತಾರೆ. ಐದರಲ್ಲಿ ನಾಲ್ಕು ಒಬ್ಬರದೇ, ಐದನೆಯದು ಅವರ ಕೈಕೆಳಗೆ ಪಿಎಚ್‌ಡಿ ಮಾಡಿದವರದ್ದು.

ಮತ್ತೆ ನೀರ್ಚಾಲಿನಲ್ಲಿ ಯಾರದ್ದೋ ಮದುವೆ. ಲೇಖಕರೂ ಅನಾಮಿಕರೂ ಒಂದೇ ಹಂತಿಯಲ್ಲಿ ಊಟಕ್ಕೆ ಕುಳಿತಿರುತ್ತಾರೆ.

"ನಿಮ್ಮ ಲೇಖನ ಬಂತಂತಲ್ಲ ಮಾರಾಯ್ರೆ?"

"ಬಂತು ಸರ್. ಯಾರೋ ಪುಣ್ಯಾತ್ಮರು ಮೂರು ಸಲ ತಿದ್ದಿಸಿದ್ರು."

"ಹೌದಾ! ಯಾರಿರಬಹುದು?"

"ಗೊತ್ತಿಲ್ಲ ಸರ್. ಎರಡು ವಾಕ್ಯಕ್ಕೊಮ್ಮೆ 'ವಸ್ತುತಃ' ಅಂತ ಬರೆಯುವವರು."

"ವಸ್ತುತಃ ಹಾಗೆ ಬರೆಯುವವರು ತುಂಬ ಜನ ಉಂಟು," ಎಂದು ಅನಾಮಿಕರು ಪಾಯಸಕ್ಕೆ ಎಲೆ ಬದಿ ಮಾಡಿದರು.

ಇದೇ ನೆಲದಲ್ಲಿ ಹಿಂದೆ, ಯಕ್ಷಗಾನದ ರಾಮಾಯಣ ಪ್ರಸಂಗಗಳು ಕವಿ ಪಾರ್ತಿಸುಬ್ಬನವು ಹೌದೋ ಅಲ್ಲವೋ ಎಂದು ಶಿವರಾಮ ಕಾರಂತರೂ ಕುಕ್ಕಿಲ ಕೃಷ್ಣ ಭಟ್ಟರೂ ಎದುರುಬದುರಾದದ್ದುಂಟು. ಅಲ್ಲ ಎಂದ ಕಾರಂತರೂ ಹೌದು ಎಂದ ಭಟ್ಟರೂ ಹೆಸರು ಹಾಕಿಯೇ ವಾದಿಸಿದರು. ಕಾರಂತರ ವಾದವನ್ನು ಒಪ್ಪದವರು ಈಗಲೂ ಕುಂಬಳೆಯಲ್ಲಿ ಬೇಕಾದಷ್ಟು ಜನ ಸಿಗುತ್ತಾರೆ, ಆದರೆ ಅದನ್ನು ಬರೆದವರು ಯಾರು ಎಂದು ಮದುವೆಮನೆಯಲ್ಲಿ ಪತ್ತೇದಾರಿ ಮಾಡುವ ಕೆಲಸ ಯಾರಿಗೂ ಬಿದ್ದಿರಲಿಲ್ಲ.

ಹಾಗೆಂದು ಅನಾಮಿಕತೆ ಬೇಡ ಎನ್ನಲಾರೆ. ನಾಳೆ ತನ್ನ ಬಡ್ತಿಯ ಸಂದರ್ಶನಕ್ಕೆ ಕೂರುವವರ ಲೇಖನವನ್ನು ಹೆಸರು ಹಾಕಿ ತಿರಸ್ಕರಿಸುವ ಎದೆಗಾರಿಕೆ ಎಷ್ಟು ಜನ ಕಿರಿಯ ಉಪನ್ಯಾಸಕರಿಗೆ ಇದ್ದೀತು? ಹೆಸರು ಮುಚ್ಚಿಡುವುದು ಸರಿಯೇ. ಮುಚ್ಚಿಟ್ಟದ್ದಕ್ಕೆ ಹೂ ಏರಿಸಿ ಕೈಮುಗಿಯುವ ಈ ನಾಟಕ ನೋಡಲಿಕ್ಕಾಗುವುದಿಲ್ಲ.

ನಾಟಕ ದೊಡ್ಡದಾದದ್ದು ಪೇಪರಿಗೆ ಅಂಕ ಬಂದ ಮೇಲೆ. 2010ರಲ್ಲಿ ವಿಶ್ವವಿದ್ಯಾಲಯಗಳನ್ನು ನೋಡಿಕೊಳ್ಳುವ ಯುಜಿಸಿಯವರು ಅಧ್ಯಾಪಕರ ಬಡ್ತಿಗೆ ಅಂಕಪಟ್ಟಿ ತಂದರು, ಲೇಖನಕ್ಕೆ ಇಂತಿಷ್ಟು ಎಂದರು. ತಕೊಳ್ಳಿ, ನಾಯಿಕೊಡೆಗಳ ಹಾಗೆ ಜರ್ನಲ್ಲುಗಳು ಎದ್ದವು. ತಮ್ಮ ಅಂಗೀಕೃತ ಪಟ್ಟಿಯಿಂದಲೇ 4,305 ಜರ್ನಲ್ಲುಗಳನ್ನು ಯುಜಿಸಿ 2018ರ ಮೇ ತಿಂಗಳಲ್ಲಿ ಕಿತ್ತುಹಾಕಬೇಕಾಯಿತು. ಇಂಥವುಗಳಲ್ಲಿ ವಿಮರ್ಶೆಯ ವೇಗ ನೋಡಬೇಕು. ಕಾಸರಗೋಡು ಬಸ್‌ಸ್ಟ್ಯಾಂಡಿನಲ್ಲಿ ಕುಳಿತು ಲೇಖನವನ್ನೂ ಹಣವನ್ನೂ ಕಳಿಸಿದರೆ ಮಂಗಳೂರು ಬಸ್ಸು ತಲಪಾಡಿ ದಾಟುವ ಮೊದಲು 'ಇಬ್ಬರು ತಜ್ಞರ ಕೂಲಂಕಷ ಪರಿಶೀಲನೆಯ ಬಳಿಕ ಸ್ವೀಕೃತ'. ಉಪ್ಪಳದಲ್ಲಿ ಟ್ರಾಫಿಕ್ ಇದ್ದರೆ ಅಚ್ಚಾಗಿಯೂ ಬರುತ್ತದೆ. ಅದರ ಬುಡದಲ್ಲಿಯೂ ಅನಾಮಿಕರಿಗೆ ಅನಂತ ಧನ್ಯವಾದ ತಪ್ಪುವುದಿಲ್ಲ. ಇಲ್ಲಿ ಅವರು ಅನಾಮಿಕರಷ್ಟೇ ಅಲ್ಲ, ನಿರಾಕಾರರು.

ದಕ್ಷಿಣ ಕೊರಿಯಾದ ಒಬ್ಬ ಸಂಶೋಧಕರು ಇದನ್ನು ಪರಾಕಾಷ್ಠೆಗೆ ಒಯ್ದರು. ಜರ್ನಲ್ಲುಗಳು 'ಸೂಕ್ತ ವಿಮರ್ಶಕರನ್ನು ನೀವೇ ಸೂಚಿಸಿ' ಎಂದಾಗ ಹೆಸರುಗಳನ್ನು ಕೊಟ್ಟರು. ಜೊತೆಗೆ ಕೊಟ್ಟ ಈಮೇಲ್ ವಿಳಾಸಗಳು ಬಂದು ಮುಟ್ಟುತ್ತಿದ್ದದ್ದು ತಮಗೇ. ತಮ್ಮ ಲೇಖನವನ್ನು ತಾವೇ ಓದಿ, ತಾವೇ ಮೆಚ್ಚಿ, ಅನುಮಾನ ಬಾರದಿರಲೆಂದು ಒಂದೆರಡು ಸಣ್ಣ ತಿದ್ದುಪಡಿಗಳನ್ನೂ ಸೂಚಿಸಿಕೊಂಡರು. 2012ರಲ್ಲಿ ಸಿಕ್ಕಿಬಿದ್ದದ್ದಕ್ಕೆ ಕಾರಣ ಹೊಗಳಿಕೆಯಲ್ಲ, ವಿಮರ್ಶೆಗಳು 24 ಗಂಟೆಯೊಳಗೆ ಬಂದದ್ದು. ಹೊತ್ತಿಗೆ ಸರಿಯಾಗಿ ಕೆಲಸ ಮುಗಿಸುವ ವಿಮರ್ಶಕನ ಮೇಲೆ ಯಾವ ಸಂಪಾದಕನಿಗೆ ಸಂಶಯ ಬಾರದು! ಅವರೇನಾದರೂ ಆ ಲೇಖನಗಳಲ್ಲಿ ವಿಮರ್ಶಕರಿಗೆ ಧನ್ಯವಾದ ಹೇಳಿದ್ದರೆ ಅದರಷ್ಟು ಮನಃಪೂರ್ವಕವಾದದ್ದು ಲೋಕದಲ್ಲಿ ಮತ್ತೊಂದಿರಲಾರದು.

ಈಗಂತೂ ವಿಮರ್ಶಕರೂ ಓದುವುದಿಲ್ಲ, ಎಐ ಯಂತ್ರಕ್ಕೆ ಕೊಟ್ಟು ಓದಿಸುತ್ತಾರೆ. ಅದನ್ನರಿತ ಲೇಖಕರು ಬಿಳಿ ಪುಟದಲ್ಲಿ ಬಿಳಿ ಅಕ್ಷರದಿಂದ 'ಒಳ್ಳೆಯದನ್ನೇ ಬರೆ' ಎಂದು ಯಂತ್ರಕ್ಕೆ ಗುಟ್ಟಾಗಿ ಹೇಳಿಟ್ಟದ್ದು 2025ರಲ್ಲಿ ಬಯಲಾಯಿತು. ಜಪಾನಿನ ನಿಕ್ಕೇ ಪತ್ರಿಕೆಗೆ ಅಂಥ 17 ಲೇಖನಗಳು ಸಿಕ್ಕವು. ಕಣ್ಣಿಗೆ ಕಾಣದ ಓದುಗನಿಗೆ ಕಣ್ಣಿಗೆ ಕಾಣದ ಅಕ್ಷರ, ತಕ್ಕುದೇ.

ನಿಜವಾಗಿ ಓದುವವರು ಇನ್ನೂ ಇದ್ದಾರೆ ಎನ್ನುವುದೇ ಆಶ್ಚರ್ಯ. ಮುಳ್ಳೇರಿಯದ ಕಡೆ ಒಬ್ಬರಿದ್ದಾರೆ. ಹಗಲು ಉತ್ತರ ಪತ್ರಿಕೆ ತಿದ್ದಿ, ರಾತ್ರಿ ಬೇರೆಯವರ ಲೇಖನದ ಅಡಿಟಿಪ್ಪಣಿಗಳನ್ನು ಮೂಲದೊಡನೆ ಹೋಲಿಸುತ್ತಾರೆ. ಒಂದು ತಪ್ಪಾದ ಶಾಸನ ಸಂಖ್ಯೆಗಾಗಿ ಮಂಗಳೂರಿನ ಗ್ರಂಥಾಲಯದವರೆಗೆ ಹೋಗಿಬಂದವರು. ಬಸ್ ಚಾರ್ಜು ಕೊಟ್ಟವರಿಲ್ಲ. ವರ್ಷದ ಕೊನೆಗೆ ಒಂದು ಇ-ಸರ್ಟಿಫಿಕೇಟು ಬಂತು, ಹೆಸರಿನ ಜಾಗದಲ್ಲಿ 'ಪ್ರಿಯ ವಿಮರ್ಶಕರೇ' ಎಂದು ಇತ್ತು. ಬಡ್ತಿಯ ಕಡತಕ್ಕೆ ಅದನ್ನು ಸೇರಿಸಲಿಕ್ಕೆ ನೋಡಿದರೆ ಕಚೇರಿಯಲ್ಲಿ ಕೇಳಿದರಂತೆ: "ಇದು ನಿಮ್ಮದೇ ಎನ್ನುವುದಕ್ಕೆ ದಾಖಲೆ ಉಂಟಾ?"

ಮೊನ್ನೆ ಬದಿಯಡ್ಕದ ಡಿಟಿಪಿ ಅಂಗಡಿಯಲ್ಲಿ ಒಬ್ಬ ಸಂಶೋಧನಾರ್ಥಿ ಲೇಖನದ ಕೊನೆಯ ಪ್ರತಿ ತೆಗೆಸುತ್ತಿದ್ದ. ಅಂಗಡಿಯ ಹುಡುಗ ಒಂದು ಫೈಲು ತೆರೆದ. ಅದರಲ್ಲಿ ಧನ್ಯವಾದಗಳು ತಯಾರಿದ್ದವು: ಗೈಡಿಗೆ, ಗೈಡಿನ ಮನೆಯವರಿಗೆ, ಪ್ರಾಂಶುಪಾಲರಿಗೆ, ಅನಾಮಿಕರಿಗೆ. "ಅನಾಮಿಕರಿಗೆ ಸಾದಾ ಹಾಕುವುದಾ, 'ಹೃತ್ಪೂರ್ವಕ' ಸೇರಿಸಿದ್ದಾ?" ಎಂದು ಕೇಳಿದ.

ಸಂಶೋಧನಾರ್ಥಿ ಹೃತ್ಪೂರ್ವಕದ್ದನ್ನೇ ಆರಿಸಿ, ವಿಮರ್ಶಕರು ಹೇಳಿದ ತಿದ್ದುಪಡಿಗಳ ಪಟ್ಟಿಯನ್ನೂ ಮುಂದಿಟ್ಟ. ಹುಡುಗ ಅದನ್ನು ಮೇಲಿಂದ ಕೆಳಗೆ ನೋಡಿ ಹೇಳಿದ:

"ಧನ್ಯವಾದಕ್ಕೆ ಚಾರ್ಜಿಲ್ಲ ಸರ್. ತಿದ್ದುಪಡಿಗೆ ಪುಟಕ್ಕೆ ಇಪ್ಪತ್ತು ರೂಪಾಯಿ ಆಗ್ತದೆ. ಬೇಕಾ?"

ಸಂಶೋಧನಾರ್ಥಿ ಒಂದು ಗಳಿಗೆ ಯೋಚಿಸಿ, "ಧನ್ಯವಾದ ಮಾತ್ರ ಇರಲಿ," ಎಂದ.