ಸ್ಪಷ್ಟನೆ: ‘ನಡೆಯುವ ಪ್ರೋಟೀನ್’ ಕ್ಯಾಮೆರಾ ದೃಶ್ಯವಲ್ಲ

‘ಮಿದುಳಿನಲ್ಲಿ ಎಂಡಾರ್ಫಿನ್ (ಹಿತಭಾವ ತರುವ ರಾಸಾಯನಿಕ) ಎಳೆದೊಯ್ಯುತ್ತಿರುವ ಮಯೋಸಿನ್, ಸಂತೋಷ ಅಂದರೆ ಇದೇ’ ಎಂಬ ಒಕ್ಕಣೆಯೊಂದಿಗೆ ಹರಿದಾಡುತ್ತಿರುವ ವಿಡಿಯೊ ಕಂಪ್ಯೂಟರ್ ಅನಿಮೇಷನ್. ಅದರಲ್ಲಿರುವುದು ಕೋಶದೊಳಗೆ ಸರಕು ಸಾಗಿಸುವ ಕೈನೆಸಿನ್ ಎಂಬ ಪ್ರೋಟೀನ್, ಎಳೆಯುತ್ತಿರುವುದು ಕೋಶದೊಳಗಿನ ಸರಕಿನ ಚೀಲ, ನಡೆಯುತ್ತಿರುವುದು ಮೈಕ್ರೊಟ್ಯೂಬ್ಯೂಲ್ ಎಂಬ, ಕೋಶದೊಳಗಿನ ಸಣ್ಣ ಕೊಳವೆಯ ಮೇಲೆ. ಮಯೋಸಿನ್ ಬೇರೆಯೇ ಪ್ರೋಟೀನ್, ಅದು ಓಡಾಡುವುದು ಆಕ್ಟಿನ್ ಎಂಬ ಇನ್ನೊಂದು ಪ್ರೋಟೀನಿನ ಎಳೆಗಳ ಮೇಲೆ.

ಕೈನೆಸಿನ್‌ನ ಒಂದು ಹೆಜ್ಜೆ ಸುಮಾರು 8 ನ್ಯಾನೊಮೀಟರ್ (ಒಂದು ನ್ಯಾನೊಮೀಟರ್ ಅಂದರೆ ಮಿಲಿಮೀಟರಿನ ಹತ್ತು ಲಕ್ಷದಲ್ಲೊಂದು ಭಾಗ). ಸಾಮಾನ್ಯ ಬೆಳಕಿನ ಸೂಕ್ಷ್ಮದರ್ಶಕಕ್ಕೆ ಸುಮಾರು 200 ನ್ಯಾನೊಮೀಟರ್‌ಗಿಂತ ಹತ್ತಿರದ ಎರಡು ಬಿಂದುಗಳು ಬೇರೆಯಾಗಿ ಕಾಣುವುದಿಲ್ಲ. ಕಾಲುಗಳು ಕಾಣುವುದಂತೂ ದೂರದ ಮಾತು.

ವಿಡಿಯೊದಲ್ಲಿ ಕಾಣುವ ಆ ಗತ್ತಿನ ನಡಿಗೆಯೂ ನಿಜವಲ್ಲ. ನೀರಿನ ಅಣುಗಳ ಹೊಡೆತಕ್ಕೆ ಕೈನೆಸಿನ್ ಸದಾ ತತ್ತರಿಸುತ್ತಿರುತ್ತದೆ. ಎತ್ತಿದ ಕಾಲು ಆ ತತ್ತರದಲ್ಲೇ ಮುಂದಿನ ಹಿಡಿತವನ್ನು ತಡಕಾಡಿ ಹುಡುಕುತ್ತದೆ. ಹೆಜ್ಜೆಗೊಂದರಂತೆ ಖರ್ಚಾಗುವ ಎಟಿಪಿ (ಕೋಶದ ಇಂಧನದಂಥ ಅಣು) ಅದಕ್ಕೆ ದಿಕ್ಕು ಕೊಡುತ್ತದೆ. ಎಟಿಪಿ ಧಾರಾಳವಾಗಿದ್ದರೆ ಸೆಕೆಂಡಿಗೆ ಸುಮಾರು 100 ಹೆಜ್ಜೆ.

ಅನಿಮೇಷನ್ ಚೆನ್ನಾಗಿದೆ, ಒಕ್ಕಣೆ ತಪ್ಪು. ದಯವಿಟ್ಟು ಆ ಒಕ್ಕಣೆಯೊಂದಿಗೆ ಫಾರ್ವರ್ಡ್ ಮಾಡಬೇಡಿ.