ಭಾನುವಾರದ ಮೊಟ್ಟೆ

ಕೋಳಿಗೆ ವಾರ ಗೊತ್ತಿಲ್ಲ. ಸೋಮವಾರ ಮೊಟ್ಟೆ ಇಟ್ಟ ಹಾಗೆಯೇ ಭಾನುವಾರವೂ ಇಡುತ್ತದೆ. ಇಟ್ಟಾದ ಮೇಲೆ ಕೇರಿಗೆಲ್ಲ ಕೇಳುವಂತೆ ಡಂಗುರ ಬೇರೆ ಸಾರುತ್ತದೆ. ನಮಗೆ ನಿಮಗೆ ಇದೊಂದು ವಿಷಯವೇ ಅಲ್ಲ. ಆದರೆ ನೂರು, ನೂರಿಪ್ಪತ್ತು ವರ್ಷದ ಹಿಂದೆ ಜಾರ್ಜಿಯಾ, ಅಲಬಾಮಾ, ಟೆನೆಸ್ಸಿ ಕಡೆಯ ಹಳ್ಳಿಗಳಲ್ಲಿ, ಅಮೆರಿಕದ ಆ ದಕ್ಷಿಣ ಭಾಗದಲ್ಲಿ, ಬ್ಯಾಪ್ಟಿಸ್ಟ್ ಅನ್ನುವ ಕ್ರೈಸ್ತ ಪಂಗಡದ ಮನೆಯ ಹೆಂಗಸಿಗೆ ಇದು ಕೂತು ಯೋಚಿಸಬೇಕಾದ ಸಂಗತಿ. ಭಾನುವಾರ ದೇವರ ದಿನ. ಅವತ್ತು ಯಾರೂ ದುಡಿಯಬಾರದು. ಗಂಡ ನೇಗಿಲು ಮುಟ್ಟುವುದಿಲ್ಲ, ಅವಳು ಸೂಜಿ ಮುಟ್ಟುವುದಿಲ್ಲ, ಮಕ್ಕಳು ಗೋಲಿ ಮುಟ್ಟುವ ಹಾಗಿಲ್ಲ. ಊಟವನ್ನು ಆದಷ್ಟೂ ಶನಿವಾರವೇ ಬೇಯಿಸಿ ಮುಚ್ಚಿಟ್ಟಿದ್ದಾಳೆ. ಹಿತ್ತಿಲಲ್ಲಿ ಕೋಳಿ ಮಾತ್ರ ಯಾರನ್ನೂ ಕೇಳದೆ ತನ್ನ ಕೆಲಸ ಮುಗಿಸಿಬಿಟ್ಟಿದೆ. ಈಗ ಆ ದುಡಿಮೆಯ ಫಲ ಯಾರದ್ದು?

ಅವಳು ಕಂಡುಕೊಂಡ ಉತ್ತರ ಬಹಳ ಸರಳ. ಭಾನುವಾರದ ಮೊಟ್ಟೆ ದೇವರಿಗೆ ಮುಡಿಪು. ಅದನ್ನು ಮನೆಯಲ್ಲಿ ಒಡೆಯುವ ಹಾಗಿಲ್ಲ. ಬೇರೆ ಬುಟ್ಟಿಯಲ್ಲಿಟ್ಟು, ಮಾರಿ, ಬಂದ ಕಾಸನ್ನು ಚರ್ಚಿನ ಸಭೆಗೆ ಕೊಡಬೇಕು. ಅಲ್ಲಿನ ಬ್ಯಾಪ್ಟಿಸ್ಟ್ ಹೆಂಗಸರಲ್ಲಿ ಇದೊಂದು ಪದ್ಧತಿಯೇ ಆಗಿತ್ತು. ಎಷ್ಟೋ ಹಳ್ಳಿ ಚರ್ಚುಗಳ ಕಿಟಕಿ, ಬೆಂಚು, ಒಲೆಗಳ ಹಿಂದೆ ಈ ಮೊಟ್ಟೆಗಳಿವೆ. ದೂರದೇಶಕ್ಕೆ ಹೋದ ಮಿಷನರಿಗಳ ಹಡಗಿನ ಟಿಕೆಟ್ಟಿನಲ್ಲೂ ಇವುಗಳ ಪಾಲಿದೆ.

ಬ್ಯಾಪ್ಟಿಸ್ಟರ ಬಗ್ಗೆ ಎರಡು ಮಾತು ಹೇಳಿಬಿಡುತ್ತೇನೆ. ತೊಟ್ಟಿಲ ಕೂಸಿನ ತಲೆಗೆ ನೀರು ಚಿಮುಕಿಸಿ ಕ್ರೈಸ್ತನಾಯಿತು ಅನ್ನುವುದನ್ನು ಇವರು ಒಪ್ಪುವುದಿಲ್ಲ. ಬುದ್ಧಿ ಬಂದ ಮೇಲೆ ತಾನಾಗಿ ನಂಬಬೇಕು, ನಾಲ್ಕು ಜನರ ಮುಂದೆ ಅದನ್ನು ಹೇಳಬೇಕು, ಆಮೇಲೆ ನೀರಿನಲ್ಲಿ ಪೂರ್ತಿ ಮುಳುಗಿ ಏಳಬೇಕು. ಹಳ್ಳಿಯಲ್ಲಿ ಅದಕ್ಕೆ ಹೊಳೆಯೋ ಕೊಳವೋ ಆಗಬೇಕಿತ್ತು. ಪಾದ್ರಿ ಸೊಂಟದ ಮಟ್ಟ ನೀರಲ್ಲಿ ನಿಂತಿರುತ್ತಾನೆ. ದಡದಲ್ಲಿ ಊರೆಲ್ಲ ಹಾಡುತ್ತಿರುತ್ತದೆ. ದೀಕ್ಷಾಸ್ನಾನಕ್ಕೆ ಇಳಿಯುವ ಹೆಣ್ಣುಮಕ್ಕಳ ಉಡುಪಿನ ಅಂಚಿಗೆ ಒಳಗಿಂದ ಸೀಸದ ತುಂಡು ಇಟ್ಟು ಹೊಲಿಯುವುದೂ ಇತ್ತು, ನೀರಲ್ಲಿ ಬಟ್ಟೆ ತೇಲಿ ಮೇಲೆ ಬರಬಾರದಲ್ಲ. ಯಾವ ಅಮ್ಮನಿಗೆ ಮೊದಲು ಹೊಳೆಯಿತೋ ಈ ಉಪಾಯ! ಅಂದ ಹಾಗೆ ಬ್ಯಾಪ್ಟಿಸ್ಟರು ಕನ್ನಡಕ್ಕೆ ಹೊಸಬರೇನಲ್ಲ. 1817ರಲ್ಲಿ ಬಂಗಾಳದ ಸೆರಾಂಪುರದಿಂದ ಕನ್ನಡ ವ್ಯಾಕರಣವೊಂದನ್ನು ಹೊರತಂದ ವಿಲಿಯಂ ಕೇರಿ ಬ್ಯಾಪ್ಟಿಸ್ಟ್ ಮಿಷನರಿ. ಅದಕ್ಕೂ ಮೊದಲು ಇಂಗ್ಲೆಂಡಿನ ಹಳ್ಳಿಯಲ್ಲಿ ಬೂಟು ಹೊಲಿದುಕೊಂಡಿದ್ದವನು.

ಮತ್ತೆ ಕೋಳಿಗೂಡಿಗೆ ಬರೋಣ.

ಹೊಲ ಗಂಡನದ್ದು, ಹತ್ತಿ ಗಂಡನದ್ದು, ಹತ್ತಿ ಮಾರಿದ ದುಡ್ಡೂ ಗಂಡನದ್ದೇ. ಅದು ಬರುವುದು ವರ್ಷಕ್ಕೊಮ್ಮೆ. ಬಂದದ್ದು ಅಂಗಡಿಯ ಸಾಲಕ್ಕೆ ಹೋಗುತ್ತಿತ್ತು. ಮೊಟ್ಟೆ ಬೆಣ್ಣೆ ಮಾರಿದ ಚಿಲ್ಲರೆ ಮಾತ್ರ ಹೆಂಡತಿಯದ್ದು. ಇದಕ್ಕೆ ಕಾಗದ ಪತ್ರ ಏನಿಲ್ಲ, ನಡೆದುಬಂದ ರೂಢಿ ಅಷ್ಟೆ. ನಮ್ಮ ಅಜ್ಜಿಯರ ಸಾಸಿವೆ ಡಬ್ಬಿಯ ದುಡ್ಡಿದ್ದ ಹಾಗೆ, ಎಷ್ಟಿದೆ ಅಂತ ಗಂಡಸರು ಕೇಳುತ್ತಿರಲಿಲ್ಲ, ಕೇಳಿದರೂ ಸರಿಯಾದ ಉತ್ತರ ಸಿಗುತ್ತಿರಲಿಲ್ಲ. ಮೊಟ್ಟೆ ಒಡೆಯದಂತೆ ಬುಟ್ಟಿಗೆ ಹತ್ತಿಬೀಜವನ್ನೋ ಹೊಟ್ಟನ್ನೋ ತುಂಬಿ ಅದರಲ್ಲಿ ಹುದುಗಿಸಿ ಅಂಗಡಿಗೆ ಒಯ್ಯುತ್ತಿದ್ದಳು. ಅಂಗಡಿಯವನು ಒಂದೊಂದನ್ನೂ ಬೆಳಕಿಗೆ ಹಿಡಿದು ನೋಡಿ ಎಣಿಸಿಕೊಳ್ಳುತ್ತಿದ್ದ. ಬದಲಿಗೆ ಕಾಫಿ, ಸಕ್ಕರೆ, ಉಪ್ಪು, ದಾರದ ಉಂಡೆ, ಸೀಮೆಎಣ್ಣೆ. ಜೊತೆಗೆ ಒಂದು ಡಬ್ಬಿ ನಶ್ಯ. ಹೌದು, ನಶ್ಯವೇ. ವಿಸ್ಕಿ ಪಾಪ, ಇಸ್ಪೀಟು ಪಾಪ, ಕುಣಿತ ಪಾಪ ಅನ್ನುತ್ತಿದ್ದ ಎಷ್ಟೋ ಮಂದಿ ಭಕ್ತ ಮುದುಕಿಯರು ನಶ್ಯವನ್ನು ಕೆಳದುಟಿಯ ಒಳಗೆ ಒತ್ತಿಕೊಂಡೇ ಪ್ರಾರ್ಥನೆಗೆ ಬರುತ್ತಿದ್ದರು. ಸತ್ಯವೇದದಲ್ಲಿ ನಶ್ಯದ ಮಾತು ಎಲ್ಲೂ ಬಂದಿಲ್ಲವಲ್ಲ, ಅವರದ್ದೂ ತಪ್ಪಲ್ಲ ಬಿಡಿ.

ಮೊಟ್ಟೆ ಆರಿಸುವುದು ದೂರದಿಂದ ನೋಡಿದಷ್ಟು ಸುಲಭವಲ್ಲ. ಕಾವಿಗೆ ಕೂತ ಹೇಂಟೆಯ ಹೊಟ್ಟೆಯಡಿ ಕೈ ತೂರಿಸಬೇಕು, ಅದು ಕುಕ್ಕಿಯೇ ಕುಕ್ಕುತ್ತದೆ. ಗೂಡಿನಲ್ಲಿ ಕೋಳಿಗೆ ಆಸೆ ಹುಟ್ಟಲಿ ಅಂತ ಒಂದು ಪಿಂಗಾಣಿ ಮೊಟ್ಟೆಯನ್ನೋ, ಒಣಗಿದ ಪುಟ್ಟ ಸೋರೆಬುರುಡೆಯನ್ನೋ ಇಟ್ಟಿರುತ್ತಿದ್ದರು. ಮೊಟ್ಟೆ ಕದಿಯಲು ಬಂದ ಹಾವು ಕೆಲವೊಮ್ಮೆ ಅದನ್ನೇ ನುಂಗಿ ಪೇಚಿಗೆ ಸಿಕ್ಕಿಕೊಳ್ಳುತ್ತಿತ್ತು. ಹುಲ್ಲುಮೆದೆಯ ಹಿಂದೆ, ಗಾಡಿಯ ಕೆಳಗೆ, ಮನೆಯ ಅಡಿಪಾಯದ ಸಂದಿಯಲ್ಲಿ ಕದ್ದು ಮೊಟ್ಟೆ ಇಡುವ ಕೋಳಿಗಳೂ ಇದ್ದವು. ಅವುಗಳ ಬೆನ್ನು ಹತ್ತುವುದು ಮಕ್ಕಳ ಕೆಲಸ.

ನನಗೆ ಕುತೂಹಲ ಇರುವುದು ಇಲ್ಲಿ. ಕೋಳಿಗೆ ಒಂದು ಮೊಟ್ಟೆ ತಯಾರಾಗಲು ಸುಮಾರು ಇಪ್ಪತ್ತೈದು, ಇಪ್ಪತ್ತಾರು ಗಂಟೆ ಬೇಕು. ಅಂದರೆ ದಿನಕ್ಕಿಂತ ಸ್ವಲ್ಪ ಜಾಸ್ತಿ. ಹಾಗಾಗಿ ಇವತ್ತು ಬೆಳಗ್ಗೆ ಏಳಕ್ಕೆ ಇಟ್ಟರೆ ನಾಳೆ ಎಂಟೂವರೆಗೆ, ನಾಡಿದ್ದು ಹತ್ತಕ್ಕೆ, ಹೀಗೆ ಜಾರುತ್ತಾ ಹೋಗಿ, ಮಧ್ಯಾಹ್ನ ದಾಟಿತು ಅಂದರೆ ಒಂದು ದಿನ ರಜೆ ಹಾಕಿ ಮತ್ತೆ ಬೆಳಗ್ಗೆಯಿಂದ ಶುರು. ಆ ರಜೆ ಭಾನುವಾರವೇ ಬಿದ್ದರೆ? ದೇವರಿಗೆ ಸೊನ್ನೆ. ಹತ್ತು ಕೋಳಿಯಲ್ಲಿ ಆರು ಸೇರಿಕೊಂಡು ಭಾನುವಾರವೇ ರಜೆ ಹಾಕಿದರೆ ಅವಳಿಗೆ ಒಳಗೊಳಗೇ ಕಸಿವಿಸಿ ಆಗುತ್ತಿರಲಿಲ್ಲವೇ? ಇನ್ನೊಂದು ತೊಡಕು. ಸೋಮವಾರ ಬೆಳಗ್ಗೆ ಹುಲ್ಲುಮೆದೆಯ ಹಿಂದೆ ಸಿಕ್ಕ ಮೊಟ್ಟೆ ಯಾವ ದಿನದ್ದು? ಮುಟ್ಟಿದರೆ ತಣ್ಣಗಿದೆ. ಶನಿವಾರದ್ದಾದರೆ ಮಕ್ಕಳ ತಟ್ಟೆಗೆ, ಭಾನುವಾರದ್ದಾದರೆ ಚೀನಾದಲ್ಲಿರುವ ಮಿಷನರಿಗೆ. ತೀರ್ಪು ಹೇಳಲು ಅವಳೊಬ್ಬಳೇ. ನೋಡಿದವರೂ ಯಾರಿಲ್ಲ. ಅಂಥ ಹೊತ್ತಿನಲ್ಲಿ ಬೇರೆ ಬುಟ್ಟಿಗೆ ಹಾಕುವ ಹೆಂಗಸು ಸುಮ್ಮನೆ ಹಾಕುವುದಿಲ್ಲ. ಒಂದೆರಡು ನಿಮಿಷ ಮೊಟ್ಟೆ ಕೈಯಲ್ಲಿ ಹಿಡಿದು, ಮನೆಯಲ್ಲಿ ಎಷ್ಟು ಜನ, ಅಂಗಡಿಯ ಬಾಕಿ ಎಷ್ಟು ಅಂತ ಲೆಕ್ಕ ಹಾಕಿಯೇ ಹಾಕುತ್ತಾಳೆ. ಕಣ್ಣು ಮುಚ್ಚಿ ಕೈಜೋಡಿಸುವುದಕ್ಕಿಂತ ನನಗೆ ಈ ಲೆಕ್ಕದ ಭಕ್ತಿಯೇ ಇಷ್ಟ.

ಭಾನುವಾರದಿಂದ ಕೋಳಿಗೆ ಇನ್ನೊಂದು ಅಪಾಯವೂ ಇತ್ತು. ಹಳ್ಳಿಯ ಚರ್ಚಿಗೆ ಪಾದ್ರಿ ಬರುತ್ತಿದ್ದದ್ದು ಬಹಳ ಕಡೆ ತಿಂಗಳಿಗೊಂದು ಸಲ. ಒಬ್ಬನೇ ಪಾದ್ರಿ ನಾಲ್ಕು ಚರ್ಚು ನೋಡಿಕೊಳ್ಳುತ್ತಿದ್ದ, ವಾರಕ್ಕೊಂದು. ಸಂಬಳ ಅಷ್ಟಕ್ಕಷ್ಟೇ. ಹಂದಿಮಾಂಸ, ಜೋಳ, ಕಟ್ಟಿಗೆ ಹೀಗೆ ಅರ್ಧ ಸಾಮಾನಿನ ರೂಪದಲ್ಲೇ ಸಂದಾಯ. ಬಂದ ಭಾನುವಾರ ಯಾರ ಮನೆಯಲ್ಲಾದರೂ ಊಟ. ಊಟ ಅಂದರೆ ಕರಿದ ಕೋಳಿ. ಕೋಳಿಯನ್ನು ಕೇಳಿ ಮಸಾಲೆ ಅರೆಯುವುದುಂಟೇ? ದೊಡ್ಡವರ ಪಂಕ್ತಿ ಮೊದಲು, ಮಕ್ಕಳು ಆಮೇಲೆ. ಎದೆಯ ತುಂಡು ಪಾದ್ರಿಗೆ, ಕತ್ತು ರೆಕ್ಕೆ ಮಕ್ಕಳಿಗೆ. ದೇವರಿಗಾಗಿ ಮೊಟ್ಟೆ ಇಟ್ಟ ಕೋಳಿ ದೇವರ ಸೇವಕನಿಗೂ ಆಯಿತು. ಅವತ್ತು ಒಲೆ ಹಚ್ಚಿದ್ದು ಮಾತ್ರ ಯಾರ ಕಣ್ಣಿಗೂ ಪಾಪವಾಗಿ ಕಾಣಲಿಲ್ಲ.

ಈಗ ದುಡ್ಡು ಹೋದ ದಾರಿ ನೋಡೋಣ. ಲಾಟಿ ಮೂನ್ ಅಂತ ಒಬ್ಬಳಿದ್ದಳು. 1840ರಲ್ಲಿ ವರ್ಜೀನಿಯಾದಲ್ಲಿ ಹುಟ್ಟಿದವಳು, ಎತ್ತರ ನಾಲ್ಕಡಿ ಮೂರಿಂಚು. 1873ರಲ್ಲಿ ಬ್ಯಾಪ್ಟಿಸ್ಟ್ ಮಿಷನರಿಯಾಗಿ ಚೀನಾಕ್ಕೆ ಹೋದಳು. ಮನೆ ಬಾಗಿಲಿಗೆ ಬರಲು ಹೆದರುತ್ತಿದ್ದ ಮಕ್ಕಳನ್ನು ಬಿಸ್ಕತ್ತು ಸುಟ್ಟು ಕೊಟ್ಟು ಒಲಿಸಿಕೊಂಡವಳು. ಕೈಗೆ ಕೈ ಸೇರಿಸಲು ಜನ ಸಾಲದೆ 1887ರಲ್ಲಿ ಊರಿನ ಹೆಂಗಸರಿಗೆ ಬರೆದಳು: ಕ್ರಿಸ್‌ಮಸ್ ಹಿಂದಿನ ವಾರ ಪ್ರಾರ್ಥನೆ ಮಾಡಿ, ಕಾಣಿಕೆ ಕೂಡಿಸಿ ಕಳಿಸಿ. ಮರುವರ್ಷ ಹೆಂಗಸರು ರಿಚ್ಮಂಡ್‌ನಲ್ಲಿ ತಮ್ಮದೇ ಸಂಘ ಕಟ್ಟಿದರು. ಗಂಡಸರ ದೊಡ್ಡ ಸಭೆ ಬ್ಯಾಪ್ಟಿಸ್ಟ್ ಚರ್ಚಿನಲ್ಲಿ, ಇವರದ್ದು ಮೆಥಡಿಸ್ಟರು ಅನ್ನುವ ಬೇರೊಂದು ಪಂಗಡದ ಚರ್ಚಿನ ನೆಲಮಾಳಿಗೆಯಲ್ಲಿ. ಆ ಕ್ರಿಸ್‌ಮಸ್‌ಗೆ 2,000 ಡಾಲರ್ ಗುರಿ ಇಟ್ಟುಕೊಂಡಿದ್ದರು. ಬಂದದ್ದು 3,315. ಇಬ್ಬರನ್ನು ಕಳಿಸಬೇಕು ಅಂದುಕೊಂಡಿದ್ದವರು ಮೂವರನ್ನು ಕಳಿಸಿದರು. ಅದೆಲ್ಲ ಮೊಟ್ಟೆಯ ದುಡ್ಡೇ ಅಲ್ಲ, ಸರಿ. ಆದರೂ ಸುಮ್ನೆ ಲೆಕ್ಕ ಹಾಕಿ ನೋಡಿದೆ. ಡಜನ್‌ಗೆ 15 ಸೆಂಟ್ ಅಂತ ಹಿಡಿದರೆ 2,65,200 ಮೊಟ್ಟೆ ಆಗುತ್ತದೆ.

ಅದೂ ಡಿಸೆಂಬರ್‌ನಲ್ಲಿ! ಹಗಲು ಕುಗ್ಗಿದ ಹಾಗೆ ಕೋಳಿ ಮೊಟ್ಟೆ ಇಡುವುದನ್ನು ಕಡಿಮೆ ಮಾಡುತ್ತದೆ. ಚಳಿಗಾಲಕ್ಕೆ ಎಷ್ಟೋ ಕೋಳಿಗಳು ಪೂರ್ತಿ ನಿಲ್ಲಿಸಿಬಿಡುತ್ತವೆ. ಕಾಣಿಕೆಗೆ ಕ್ರಿಸ್‌ಮಸ್ ಆರಿಸಿದವಳು ಗುಲಾಮರಿದ್ದ ದೊಡ್ಡ ತೋಟದ ಮನೆಯಲ್ಲಿ ಬೆಳೆದವಳು, ಕೋಳಿಗೂಡಿನ ಪಂಚಾಂಗ ಅವಳಿಗೆಲ್ಲಿಂದ ಗೊತ್ತಿರಬೇಕು? ಹಳ್ಳಿಯ ಹೆಂಗಸರು ವಸಂತದಿಂದಲೇ ಕೂಡಿಟ್ಟುಕೊಳ್ಳಬೇಕಿತ್ತು.

ಇಷ್ಟು ಕೊಟ್ಟವರಿಗೆ ಮಾತಾಡುವ ಹಕ್ಕು ಇತ್ತೇ ಅಂದರೆ, ಇರಲಿಲ್ಲ. 1885ರಲ್ಲಿ ದಕ್ಷಿಣದ ಬ್ಯಾಪ್ಟಿಸ್ಟರ ಮಹಾಸಭೆಗೆ ಅರ್ಕನ್ಸಾದಿಂದ ಇಬ್ಬರು ಹೆಂಗಸರು ಪ್ರತಿನಿಧಿಗಳಾಗಿ ಬಂದಾಗ ಗಂಡಸರು ಗಾಬರಿಬಿದ್ದು ನಿಯಮವನ್ನೇ ತಿದ್ದಿ 'ಸಹೋದರರು' ಅಂತ ಬರೆದುಕೊಂಡರು. ಬಾಗಿಲು ತೆರೆದದ್ದು 1918ರಲ್ಲಿ. ನಡುವಿನ ಮೂವತ್ತಮೂರು ವರ್ಷವೂ ಮೊಟ್ಟೆಯ ಕಾಸು ಒಳಗೆ ಹೋಗುತ್ತಲೇ ಇತ್ತು. ಅದಕ್ಕೆ ಮಾತ್ರ ತಡೆ ಇರಲಿಲ್ಲ.

ಕರಿಯರ ಚರ್ಚುಗಳದ್ದು ಬೇರೆಯೇ ಸಂಘಟನೆ. ಅಲ್ಲಿಯೂ ಕಥೆ ಇದೇ. 1900ರಲ್ಲಿ ಅದೇ ರಿಚ್ಮಂಡ್‌ನಲ್ಲಿ ನ್ಯಾನಿ ಹೆಲೆನ್ ಬರೋಸ್ ಅನ್ನುವ ಇಪ್ಪತ್ತೊಂದರ ಹುಡುಗಿ ಎದ್ದು ನಿಂತು, ಸಹಾಯ ಮಾಡಲು ಬಂದ ಸಹೋದರಿಯರಿಗೆ ಹೇಗೆಲ್ಲ ಅಡ್ಡಗಾಲು ಹಾಕುತ್ತಿದ್ದಾರೆ ಅಂತ ಗಂಡಸರ ಎದುರೇ ಭಾಷಣ ಮಾಡಿದಳು. ಒಂಬತ್ತು ವರ್ಷದ ಮೇಲೆ ವಾಷಿಂಗ್ಟನ್‌ನಲ್ಲಿ ಹೆಣ್ಣುಮಕ್ಕಳಿಗೆ ಶಾಲೆ ತೆರೆದಳು. ದೊಡ್ಡ ಸಿರಿವಂತರನ್ನು ಕಾಯದೆ, ಬಟ್ಟೆ ಒಗೆಯುವ, ಮನೆಗೆಲಸ ಮಾಡುವ, ಹೊಲದಲ್ಲಿ ದುಡಿಯುವ ಬ್ಯಾಪ್ಟಿಸ್ಟ್ ಹೆಂಗಸರು ಕೊಟ್ಟ ಚಿಲ್ಲರೆ ಕೂಡಿಸಿ ಕಟ್ಟಿದ ಶಾಲೆ ಅದು. ಚೀನಾಕ್ಕೆ ಹೋದ ಮೊಟ್ಟೆಗಳ ಬಗ್ಗೆ ನನಗೆ ಸ್ವಲ್ಪ ತಕರಾರಿದೆ. ಅಷ್ಟು ದೂರದ ಜನರ ದೇವರ ಚಿಂತೆ ಇವರಿಗೆ ಯಾಕೆ ಅನಿಸುತ್ತದೆ. ಈ ಶಾಲೆಯ ಕಾಸಿನ ಬಗ್ಗೆ ಅಂಥ ತಕರಾರಿಲ್ಲ.

ಕೋಳಿಯಿಂದ ಆ ಹಳ್ಳಿ ಹೆಂಗಸಿಗೂ ಏನಾದರೂ ದಕ್ಕಿತೇ? ದಕ್ಕಿತು, ಬಟ್ಟೆ. 1930ರ ಹೊತ್ತಿಗೆ ಕೋಳಿ ಆಹಾರದ ಹತ್ತಿ ಚೀಲಗಳ ಮೇಲೆ ಹೂವು ಬಳ್ಳಿ ಅಚ್ಚು ಹಾಕಿ ಮಾರುವ ಉಪಾಯ ಕಂಪನಿಗಳಿಗೆ ಹೊಳೆಯಿತು. ಚೀಲ ಬಿಚ್ಚಿ, ಒಗೆದು, ಇಸ್ತ್ರಿ ಮಾಡಿದರೆ ಗಜಗಟ್ಟಲೆ ಬಟ್ಟೆ. ಮೂರು ಚೀಲಕ್ಕೆ ಒಂದು ಫ್ರಾಕು. ಒಂದೇ ಅಚ್ಚಿನ ಮೂರು ಚೀಲ ಸಿಗಬೇಕಲ್ಲ, ಅದಕ್ಕೆ ಗಂಡನ ಕೈಯಲ್ಲಿ ಮಾದರಿಯ ಚೂರೊಂದನ್ನು ಕೊಟ್ಟು ಅಂಗಡಿಗೆ ಅಟ್ಟುತ್ತಿದ್ದರು. ಅವನು ಪಾಪ, ಚೀಲದ ರಾಶಿಯ ಕೆಳಗಿನದ್ದೇ ಬೇಕು ಅಂತ ಅಂಗಡಿ ಹುಡುಗನನ್ನು ಕಾಡುತ್ತಿದ್ದ. ಭಾನುವಾರ ಚರ್ಚಿನಲ್ಲಿ ನೋಡಿದರೆ ಎದುರು ಬೆಂಚಿನ ಮೂವರ ಮೈಮೇಲೂ ಅದೇ ನೀಲಿ ಹೂವು.

ಧಾನ್ಯದ ರೂಪದಲ್ಲಿ ಇದೇ ಪದ್ಧತಿ ನಮ್ಮ ದೇಶದಲ್ಲೂ ಇದೆ, ಮಿಜೋರಾಂನಲ್ಲಿ. ಅಲ್ಲಿ ಅಡುಗೆಗೆ ಅಕ್ಕಿ ಅಳೆಯುವಾಗ ಪ್ರತಿಸಲವೂ ಒಂದು ಹಿಡಿ ತೆಗೆದು ಪಕ್ಕದ ಡಬ್ಬಿಗೆ ಹಾಕುತ್ತಾರೆ. ಅದು ಸಭೆಯ ಪಾಲು. ಅಲ್ಲಿನ ಉತ್ತರ ಭಾಗದ ಪ್ರೆಸ್ಬಿಟೀರಿಯನ್ ಪಂಗಡದ ಹೆಂಗಸರು 1910ರಲ್ಲಿ ಶುರುಮಾಡಿದ್ದು, ದಕ್ಷಿಣದ ಲುಂಗ್ಲೇ ಕಡೆಯ ಬ್ಯಾಪ್ಟಿಸ್ಟ್ ಹೆಂಗಸರದ್ದೂ ಆಯಿತು, ಇವತ್ತಿಗೂ ನಡೆಯುತ್ತಿದೆ. ಅಕ್ಕಿಯಲ್ಲಿ ಒಂದು ಅನುಕೂಲವಿದೆ, ರಜೆ ಹಾಕುವುದಿಲ್ಲ, ಹುಲ್ಲುಮೆದೆಯ ಹಿಂದೆ ಅಡಗಿ ಕೂರುವುದಿಲ್ಲ.

ಅಮೆರಿಕದ ಭಾನುವಾರದ ಮೊಟ್ಟೆ ಮಾತ್ರ ಎರಡನೇ ಮಹಾಯುದ್ಧದ ನಂತರ ಮೆಲ್ಲಗೆ ಮರೆಯಾಯಿತು. ಲಾಟಿ ಮೂನ್ ಹೆಸರಿನ ಕ್ರಿಸ್‌ಮಸ್ ಕಾಣಿಕೆ ಈಗ ವರ್ಷಕ್ಕೆ 15 ಕೋಟಿ ಡಾಲರ್ ದಾಟುತ್ತದೆ, ಅದರಲ್ಲಿ ಮೊಟ್ಟೆಯ ವಾಸನೆ ಇಲ್ಲ. ಉದ್ದನೆಯ ಶೆಡ್ಡುಗಳು ಬಂದವು. ಚಳಿಗಾಲದಲ್ಲೂ ಬಲ್ಬು ಹಚ್ಚಿಟ್ಟು ಹಗಲು ಹಿಗ್ಗಿಸಿ ಕೋಳಿಯ ರಜೆ ಕಡಿಮೆ ಮಾಡಿದರು. ಹತ್ತು ಕೋಳಿಯ ಜಾಗದಲ್ಲಿ ಹತ್ತು ಸಾವಿರ ಬಂದವು, ಬ್ಯಾಂಕಿನ ಸಾಲ ಬಂತು, ಲೆಕ್ಕದ ಪುಸ್ತಕ ಬಂತು. ಅಲ್ಲಿಯವರೆಗೆ ಕೋಳಿ ಸಾಕುವುದು ಹೆಂಗಸರ ಚಿಲ್ಲರೆ ಕೆಲಸ ಅಂತ ಗೂಡಿನ ಹತ್ತಿರ ಸುಳಿಯದಿದ್ದ ಗಂಡಸರು ಒಬ್ಬೊಬ್ಬರಾಗಿ ಬಂದು ಬುಟ್ಟಿ ಇಸಿದುಕೊಂಡರು.