ಸತ್ಯಾಂಶ: ಜಿ-ಎಚ್-ಒ-ಟಿ-ಐ ಎಂದು ಬರೆದರೆ ‘ಫಿಶ್’ ಆಗುವುದಿಲ್ಲ

ಈ ಫಾರ್ವರ್ಡ್ ನಿಮಗೂ ಬಂದಿರಬಹುದು: ‘ಲಾಫ್’ನ ಜಿಎಚ್, ‘ವಿಮೆನ್’ನ ಒ, ‘ನೇಷನ್’ನ ಟಿಐ ಜೋಡಿಸಿದರೆ ‘ಫಿಶ್’, ಇಂಗ್ಲಿಷ್ ಉಚ್ಚಾರಣೆಗೆ ನಿಯಮವೇ ಇಲ್ಲವೆಂದು ನಾಟಕಕಾರ ಬರ್ನಾರ್ಡ್ ಷಾ ಹೀಗೆ ತೋರಿಸಿದರಂತೆ.

ಷಾ ಹುಟ್ಟಿದ್ದು 1856ರಲ್ಲಿ. ಈ ಚಮತ್ಕಾರ 1855ರ ಡಿಸೆಂಬರ್‌ನ ಪತ್ರವೊಂದರಲ್ಲಿ ಆಗಲೇ ಇದೆ.

ವಾದವೂ ನಿಲ್ಲುವುದಿಲ್ಲ. ಅಕ್ಷರ ಪದದಲ್ಲಿ ಎಲ್ಲಿ ಕೂತಿದೆ ಎಂಬುದು ಮುಖ್ಯ. ಪದದ ಮೊದಲಲ್ಲಿ ಬರುವ ಜಿಎಚ್ ಬರೀ ‘ಗ’. (ನಾವು ‘ಘೋಸ್ಟ್’ ಎಂದು ಮಹಾಪ್ರಾಣ ಸೇರಿಸುತ್ತೇವೆ; ಅಲ್ಲಿ ಎಚ್ ಮೌನ.) ಅದು ‘ಫ್’ ಆಗುವುದು ಸ್ವರದ ನಂತರ, ‘ಟಫ್’, ‘ಲಾಫ್’ಗಳಂತೆ. ಹಿಂದೆ ಅಲ್ಲಿ ಗಂಟಲಿನಿಂದ ಹೊರಡುವ, ‘ಖ್’ನಂಥ ಉಜ್ಜುಧ್ವನಿಯಿತ್ತು. ಕೆಲವು ಪದಗಳಲ್ಲಿ ಅದು ‘ಫ್’ ಆಯಿತು, ‘ನೈಟ್’ನಂಥವುಗಳಲ್ಲಿ ಅಳಿದು ಅಕ್ಷರ ಮಾತ್ರ ಉಳಿಯಿತು. ಟಿಐ ‘ಶ’ ಆಗಬೇಕಾದರೆ ಮುಂದೆ ಇನ್ನೊಂದು ಸ್ವರಾಕ್ಷರ ಬೇಕು: ‘ನೇಷನ್’, ‘ಪೇಷಂಟ್’. ಪದದ ಕೊನೆಯಲ್ಲಿ ಹಾಗಾಗದು. ‘ವಿಮೆನ್’ನ ಒ ಅಪವಾದವೇ. ನಿಯಮದಂತೆ ಓದಿದರೆ ಸಿಗುವುದು ‘ಗೋಟಿ’.

ಕನ್ನಡಿಗರನ್ನು ಹೆಚ್ಚು ಕಾಡುವುದು ಒತ್ತು, ಅಂದರೆ ಪದದ ಒಂದು ಉಚ್ಚಾರಾಂಶವನ್ನು ಉಳಿದವಕ್ಕಿಂತ ಬಲವಾಗಿ ಹೇಳುವುದು. ‘ರೆಕಾರ್ಡ್’ ನಾಮಪದವಾದರೆ ಮೊದಲ ಉಚ್ಚಾರಾಂಶದ ಮೇಲೆ, ಕ್ರಿಯಾಪದವಾದರೆ ಎರಡನೆಯದರ ಮೇಲೆ. ಜೊತೆಗೆ ಸ್ವರವೂ ಬದಲಾಗುತ್ತದೆ. ನಿಘಂಟಿನ ಧ್ವನಿಲಿಪಿಯಲ್ಲಿ (ಉಚ್ಚಾರಣೆ ತೋರಿಸುವ ಬರಹದಲ್ಲಿ) ಮೇಲ್ಗಡೆ ಸಣ್ಣ ನೆಟ್ಟನೆಯ ಗೆರೆ ಹುಡುಕಿ. ಅದರ ನಂತರದ ಉಚ್ಚಾರಾಂಶವನ್ನು ಒತ್ತಿ ಹೇಳಿ.